ಮೂರು ಸೆಕೆಂಡಿನ ಮಾತು

ನಮ್ಮ ಕಚೇರಿಯಲ್ಲಿ ಅವರನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಎಲ್ಲರಿಗೂ ಅವರು ಕೆಳಗಿನಮ್ಮ. ಬೆಂಕಿ ಬಿದ್ದರೆ, ಅಪಘಾತವಾದರೆ, ಯಾರಾದರೂ ಎದೆ ಹಿಡಿದುಕೊಂಡು ಕುಸಿದರೆ ಜನ ಫೋನು ಮಾಡುವ ಕಚೇರಿ ನಮ್ಮದು. ಕರೆ ಎತ್ತುವ ನಾವು ಹನ್ನೊಂದು ಮಂದಿ ಮೇಲಿನ ಮಹಡಿಯಲ್ಲಿ. ಬಂದ ಪ್ರತಿ ಕರೆಯ ಧ್ವನಿಯನ್ನೂ ಟೇಪಿಗೆ ಇಳಿಸಿ ಕಬ್ಬಿಣದ ಬೀರುವಿನಲ್ಲಿ ಜೋಡಿಸುವ ಅವರೊಬ್ಬರೇ ನೆಲಮಾಳಿಗೆಯಲ್ಲಿ.

ಆ ಕೋಣೆಗೆ ಒಂದೇ ಕಿಟಕಿ, ಅದೂ ಸೂರಿಗೆ ತಾಗಿಕೊಂಡಂತೆ. ಹೊರಗಿನ ಫುಟ್‌ಪಾತು ಅದರ ಮಟ್ಟಕ್ಕಿತ್ತು. ಹೀಗಾಗಿ ಕೆಳಗಿನಮ್ಮನಿಗೆ ಊರಿನ ಜನ ಗೊತ್ತಿದ್ದದ್ದು ಮೊಣಕಾಲಿನವರೆಗೆ ಮಾತ್ರ. ನಾನು ಮೊದಲ ದಿನ ಸಹಿ ಹಾಕಲು ಇಳಿದು ಹೋದಾಗ ತಲೆ ಎತ್ತದೆ, "ಎಡಗಾಲಿನ ಹಿಮ್ಮಡಿ ಸವೆದಿದೆ, ಚಪ್ಪಲಿ ಬದಲಾಯಿಸಿ. ಬೆನ್ನು ನೋವು ಬರುತ್ತೆ" ಎಂದಿದ್ದರು. ನಿಜಕ್ಕೂ ನನಗೆ ಬೆನ್ನು ನೋವಿತ್ತು.

ಟೈಪಿಸ್ಟ್ ಆಗಿ ಸೇರಿದವರು ಅವರು. ಕಂಪ್ಯೂಟರ್ ಬಂದಾಗ ಉಳಿದವರೆಲ್ಲ ಅದನ್ನು ಮುಟ್ಟಿದರೆ ಶಾಕ್ ಹೊಡೆಯುತ್ತದೇನೋ ಎಂಬಂತೆ ದೂರ ನಿಂತಿದ್ದರಂತೆ. ಇವರು ನಿಘಂಟು ಪಕ್ಕದಲ್ಲಿಟ್ಟುಕೊಂಡು ಕೈಪಿಡಿ ಓದಿ ಕಲಿತರು. ಮದುವೆಯಾಗಲಿಲ್ಲ. ಸೈಕಲ್ ಅಂಗಡಿಯ ಮೇಲಿನ ಎರಡು ಕೋಣೆಯಲ್ಲಿ ಅಕ್ಕನೊಂದಿಗೆ ವಾಸ. ಅಕ್ಕ ಗಂಡನನ್ನು ಕಳೆದುಕೊಂಡವಳು, ಶಾಲೆಯ ಸಮವಸ್ತ್ರ ಹೊಲಿಯುವ ದರ್ಜಿ. ಹೊಲಿಗೆ ಯಂತ್ರ ನಿಂತರೂ ಅಕ್ಕನ ಬಾಯಿ ನಿಲ್ಲದು. "ನನ್ನ ಪಾಲಿನ ಮಾತನ್ನೂ ಅವಳೇ ಆಡಿ ಮುಗಿಸ್ತಾಳೆ, ನನಗೆ ಕೆಲಸವೇ ಇಲ್ಲ" ಎಂದು ಕೆಳಗಿನಮ್ಮ ನಗುತ್ತಿದ್ದರು.

ನಾನು ಹೇಳಹೊರಟ ಸಂಗತಿ ನಡೆದಾಗ ಅವರಿಗೆ ಐವತ್ತಾರು. ಅದರಲ್ಲಿ ಸ್ವಲ್ಪ ನಾನೇ ಕಂಡದ್ದು, ಉಳಿದದ್ದು ಅವರೂ ಅವರ ಅಕ್ಕನೂ ಹೇಳಿದ್ದು.

ಶನಿವಾರ ಬೆಳಿಗ್ಗೆ ಆರಕ್ಕೆ ವಾರದ ದೊಡ್ಡ ಬ್ಯಾಕಪ್ ಶುರುವಾಗುತ್ತಿತ್ತು. ಅಲ್ಲಿಯವರೆಗಿನ ಎಲ್ಲ ಕರೆಗಳೂ ಹೊಸ ಟೇಪುಗಳಿಗೆ ಇಳಿಯಬೇಕು. ಮೊದಲೆಲ್ಲ ಒಂಬತ್ತು ಗಂಟೆಗೆ ಮುಗಿದು, ಅವರು ಬುತ್ತಿ ಬಿಚ್ಚುವ ಹೊತ್ತಿಗೆ ಯಂತ್ರ ತಣ್ಣಗಾಗಿರುತ್ತಿತ್ತು. ಆಮೇಲೆ ಮಧ್ಯಾಹ್ನವಾಯಿತು, ಸಂಜೆಯಾಯಿತು. ಆ ವರ್ಷವಂತೂ ಭಾನುವಾರ ಬೆಳಗಾದರೂ ಮುಗಿಯದೆ ಅರ್ಧಕ್ಕೇ ಕೈಕೊಡತೊಡಗಿತು. ತಿಂಗಳ ಕೊನೆಗೆ ತಪಾಸಣೆಯವರು ಬರುವವರಿದ್ದರು. ನಮ್ಮ ಮುಖ್ಯಸ್ಥೆ ಮೇಡಂ ಕೆಳಗಿಳಿದು ಬಂದು, "ಏನಾದ್ರೂ ಮಾಡಿ, ಇದರ ವೇಗ ಜಾಸ್ತಿಯಾಗಬೇಕು. ಅವರ ಮುಂದೆ ನನ್ನ ಮಾನ ಕಳೀಬೇಡಿ" ಎಂದು ಹೇಳಿ ಹೋದರು.

ಟೇಪು ಓಡಿಸುವ ಯಂತ್ರ, ಆ ಟೇಪ್ ಡ್ರೈವು, ಚೆನ್ನಾಗಿದ್ದ ದಿನಗಳಲ್ಲಿ ಒಂದೇ ಶ್ರುತಿ ಹಿಡಿದು ಗುಂಯ್ ಎನ್ನುತ್ತಿತ್ತು. ಈಗ ಗುರ್ ಎಂದು ಓಡುವುದು, ಟಕ್ಕನೆ ನಿಲ್ಲುವುದು, ಹಿಂದಕ್ಕೆ ಸರಿಯುವುದು, ಮತ್ತೆ ಮುಂದಕ್ಕೆ. ಏನೋ ಹೇಳಲು ಬಾಯಿ ತೆರೆದು ನುಂಗಿಕೊಂಡವರ ಹಾಗೆ. ಇಡೀ ದಿನ ಅದರ ಪಕ್ಕ ಕೂತರೆ ತಮ್ಮ ಉಸಿರೂ ಅದೇ ಲಯಕ್ಕೆ ಬೀಳುತ್ತದೆ ಎನ್ನುತ್ತಿದ್ದರು ಕೆಳಗಿನಮ್ಮ.

ಮೊದಲು ಟೇಪಿನ ಮೇಲೆ ಬರೆಯುವ ಹೆಡ್ ಒರೆಸುವ ವಿಶೇಷ ಟೇಪು ಹಾಕಿ ಸ್ವಚ್ಛ ಮಾಡಿದರು. ಹಳೆಯ ಕೇಬಲ್ ಕಿತ್ತು ಹೊಸದು ಸಿಕ್ಕಿಸಿದರು. ಸವೆದ ಟೇಪುಗಳನ್ನು ಬೇರೆ ತೆಗೆದಿಟ್ಟರು. ಇಷ್ಟರಿಂದ ಉಳಿತಾಯವಾದದ್ದು ಒಂದೂವರೆ ಗಂಟೆ ಮಾತ್ರ. ಆಮೇಲೆ ಯಂತ್ರ ರಿಪೇರಿಯವನನ್ನು ಕರೆಸಿದರು. ಆತ ಡ್ರೈವಿನ ಮೇಲೆ ಅಂಗೈ ಇಟ್ಟು, ಮಗುವಿನ ಜ್ವರ ನೋಡುವವನಂತೆ ಹತ್ತು ನಿಮಿಷ ಕೂತ.

"ಅಮ್ಮ, ಇದಕ್ಕೆ ರೋಗ ಏನೂ ಇಲ್ಲ. ಹಸಿವು ಅಷ್ಟೆ."

"ಹಸಿವಾ?"

"ಟೇಪು ಓಡೋ ವೇಗಕ್ಕೆ ಕಂಪ್ಯೂಟರ್ ಡೇಟಾ ಕೊಡ್ತಾ ಇಲ್ಲ. ಓಡ್ತಾ ಇರುತ್ತೆ, ಕೊಡೋದು ನಿಂತುಹೋಗುತ್ತೆ, ಇದು ಬ್ರೇಕ್ ಹಾಕಿ ಹಿಂದೆ ಬಂದು ಕಾಯುತ್ತೆ. ದೊಡ್ಡ ಫೈಲು ಇದ್ರೆ ತೊಂದ್ರೆ ಇಲ್ಲ. ಎಲ್ಲೋ ಸಣ್ಣ ಸಣ್ಣ ಫೈಲು ರಾಶಿ ಬಿದ್ದಿರಬೇಕು. ಒಂದೊಂದನ್ನೂ ಹುಡುಕಿ, ತೆರೆದು, ಮುಚ್ಚಿ ಕೊಡೋಷ್ಟರಲ್ಲಿ ಸಾಕಾಗುತ್ತೆ. ಅವನ್ನೆಲ್ಲ ಮೊದಲು ಡಿಸ್ಕಿನಲ್ಲೇ ಗಂಟು ಕಟ್ಟಿ. ಗಂಟನ್ನ ಒಂದೇ ಸಲ ಟೇಪಿಗೆ ಸುರೀರಿ. ಆಮೇಲೆ ನೋಡಿ ಇದರ ಓಟ."

ಅವನು ಹೋದ ಮೇಲೆ ಕೆಳಗಿನಮ್ಮ ಸಣ್ಣ ಫೈಲು ಎಲ್ಲಿವೆ ಎಂದು ಹುಡುಕಿದರು. ಹೆಚ್ಚು ಹುಡುಕಬೇಕಾಗಲಿಲ್ಲ. ಒಂದೇ ಫೋಲ್ಡರಿನಲ್ಲಿ ನಲವತ್ತು ಲಕ್ಷಕ್ಕೂ ಮಿಕ್ಕಿ ಫೈಲುಗಳಿದ್ದವು. ಎಲ್ಲವೂ ಒಂದೇ ಫೋನ್ ನಂಬರಿನವು. ಎಲ್ಲವೂ ಮೂರು ಸೆಕೆಂಡಿನವು.

ಆ ನಂಬರು ಕಂಡೊಡನೆ ಅವರಿಗೆ ನೆನಪಾಯಿತು. ನಮಗೂ ಮರೆತಿರಲಿಲ್ಲ. ಮೂರು ವರ್ಷದ ಹಿಂದೆ ಆ ನಂಬರಿನಿಂದ ಇಪ್ಪತ್ತು ಸೆಕೆಂಡಿಗೊಮ್ಮೆ ಕರೆ ಬರತೊಡಗಿತ್ತು. ಎತ್ತಿದರೆ ಯಾರೂ ಮಾತಾಡುತ್ತಿರಲಿಲ್ಲ. ಜುಯ್ ಎನ್ನುವ ಸದ್ದು, ಎಲ್ಲೋ ನೀರು ತೊಟ್ಟಿಕ್ಕಿದಂಥ ಶಬ್ದ, ಅಷ್ಟೆ. ತಂತಿ ಒದ್ದೆಯಾಗಿ ಸವೆದಾಗ ಫೋನು ತಾನಾಗಿಯೇ ನಮ್ಮ ಮೂರಂಕಿಯ ನಂಬರು ಒತ್ತಿಬಿಡುವುದು ಹೊಸ ವಿಷಯವೇನಲ್ಲ. ಫೋನು ಇಲಾಖೆಗೆ ಪತ್ರ ಬರೆದೆವು, ಉತ್ತರ ಬರಲಿಲ್ಲ. ನಮ್ಮ ತಲೆ ಕೆಟ್ಟುಹೋಯಿತು. ಮೇಡಂ ಎದುರು ಹೋಗಿ ಗೋಳು ಹೇಳಿಕೊಂಡವರಲ್ಲಿ ನಾನೇ ಮೊದಲಿಗಳು. ಮೇಡಂ ಕೆಳಗಿನಮ್ಮನಿಗೆ ಹೇಳಿದರು. ಕೆಳಗಿನಮ್ಮ ಯಂತ್ರಕ್ಕೆ ಒಂದು ನಿಯಮ ಬರೆದರು: ಆ ನಂಬರಿನಿಂದ ಕರೆ ಬಂದರೆ ಯಂತ್ರವೇ ಎತ್ತಬೇಕು, ಮೂರು ಸೆಕೆಂಡಿಗೆ ಕತ್ತರಿಸಬೇಕು, ಮೇಲಕ್ಕೆ ಕಳಿಸಬಾರದು. ಆದರೆ ಬಂದ ಯಾವ ಕರೆಯನ್ನೂ ಅಳಿಸಬಾರದೆಂಬ ಕಾನೂನಿದೆಯಲ್ಲ, ಅದಕ್ಕಾಗಿ ಧ್ವನಿಯನ್ನು ಮಾತ್ರ ಉಳಿಸಿಕೊಳ್ಳಬೇಕು. ಅವತ್ತಿನಿಂದ ನಾವು ಆರಾಮವಾದೆವು. ಆ ಕರೆಗಳು ಯಾರಿಗೂ ಕೇಳಿಸದೆ ಕೆಳಗೆ ಸುರಿಯುತ್ತಲೇ ಇದ್ದವು.

ಗಂಟು ಕಟ್ಟುವ ಕೆಲಸಕ್ಕೆ ಅವರಿಗೆ ನಾಲ್ಕು ದಿನ ಹಿಡಿಯಿತು. ಒಂದು ದಿನದ ಸುಮಾರು ನಾಲ್ಕು ಸಾವಿರ ತುಣುಕುಗಳನ್ನು ಒಂದರ ಬಾಲಕ್ಕೆ ಒಂದು ಅಂಟಿಸಿ ಒಂದೇ ಧ್ವನಿ ಫೈಲು. ಅದನ್ನು ಅದುಮಿ ಚಿಕ್ಕದು ಮಾಡುವುದು. ಹೀಗೆ ಒಂದೊಂದು ದಿನಕ್ಕೆ ಒಂದೊಂದು ಗಂಟು. ಮೌನವನ್ನು ಅದುಮಿದರೆ ಉಳಿಯುವುದು ಏನೂ ಇಲ್ಲ, ಹೀಗಾಗಿ ಗಂಟುಗಳೆಲ್ಲ ಹೆಚ್ಚುಕಮ್ಮಿ ಒಂದೇ ಗಾತ್ರದ ಕಾಳುಗಳಂತೆ ಸಾಲಾಗಿ ಬಂದವು. ಗುರುವಾರ ಮಧ್ಯಾಹ್ನ ಪಟ್ಟಿಯ ಮೇಲೆ ಕಣ್ಣಾಡಿಸುತ್ತಿದ್ದವರು ಒಂದು ಕಡೆ ನಿಂತರು. ನಿಯಮ ಬರೆದ ನಾಲ್ಕನೇ ತಿಂಗಳಲ್ಲಿ ಸಾಲಾಗಿ ಐದು ದಿನದ ಗಂಟುಗಳು ಮಾತ್ರ ದಪ್ಪಗಿದ್ದವು. ಉಳಿದವುಗಳ ಮೂರು ಪಟ್ಟು. ಅಷ್ಟೇ ಅಲ್ಲ, ಆ ಐದು ದಿನದ ನಂತರದ ಗಂಟುಗಳೆಲ್ಲ, ಅವತ್ತಿನವರೆಗೂ, ಮೊದಲಿನವುಗಳಿಗಿಂತ ಚೂರೇ ಚೂರು ತೂಕ ಹೆಚ್ಚಾಗಿದ್ದವು.

ಅಂಟಿಸುವಾಗ ಏನೋ ತಪ್ಪಾಗಿದೆ ಎಂದುಕೊಂಡರು. ಹೆಡ್‌ಫೋನ್ ಕಿವಿಗಿಟ್ಟು ಮೊದಲ ದಪ್ಪ ಗಂಟು ತೆರೆದರು.

ಜುಯ್ ಎನ್ನುವ ಸದ್ದು. ನೀರಿನ ಹನಿ. ಹತ್ತು ನಿಮಿಷ ಅದೇ. ಕಿಟಕಿಯಲ್ಲಿ ಕಾಲುಗಳು ಓಡಾಡುತ್ತಿದ್ದವು, ಬಿಸಿಲು ನೆಲದ ಮೇಲೆ ಚೌಕವಾಗಿ ಬಿದ್ದಿತ್ತು. ಅವರು ಸ್ವಲ್ಪ ಮುಂದೆ ಓಡಿಸಿ ಮತ್ತೆ ಕಿವಿಗೊಟ್ಟರು.

"...ರಾದ್ರೂ ಇದ್ದೀ..."

ಒಬ್ಬ ಗಂಡಸಿನ ದನಿ. ಕತ್ತರಿ ಹಾಕಿದಂತೆ ತುಂಡಾಯಿತು. ತಕ್ಷಣ ಮುಂದಿನ ತುಣುಕು.

"ಹಲೋ? ಬಾಗಿಲು ಹೊರಗಿಂ..."

"...ಗಿಂದ ಚಿಲಕ ಬಿದ್ದು..."

"ಕೇಳಿಸ್ತಿದೆಯಾ? ಯಾಕೆ ಇಡ್ತೀ..."

ಬಿಡಿಬಿಡಿಯಾಗಿದ್ದಾಗ ಮೂರು ಸೆಕೆಂಡಿನ ಗೊಂದಲವಷ್ಟೇ ಆಗಿದ್ದದ್ದು, ಒಂದಕ್ಕೊಂದು ಅಂಟಿಕೊಂಡೊಡನೆ ಒಂದು ಕೋಣೆಯಾಗಿತ್ತು. ಆ ಕೋಣೆಯಲ್ಲಿ ಒಬ್ಬ ಮನುಷ್ಯನಿದ್ದ. ಅವನು ಕೂಗಿ ಕೂಗಿ ಗಂಟಲು ಕಟ್ಟಿದ್ದು, ಕಬ್ಬಿಣಕ್ಕೆ ಗುದ್ದಿದ್ದು, ಅತ್ತಿದ್ದು ಎಲ್ಲ ಇತ್ತು. ಆ ದಿನದ ಸಂಜೆಯ ಹೊತ್ತಿಗೆ ಅವನಿಗೆ ಲೆಕ್ಕ ಸಿಕ್ಕಿತ್ತು. ಫೋನು ತಾನಾಗಿ ಸೇರುತ್ತದೆ, ಯಾರೋ ಎತ್ತುತ್ತಾರೆ, ಒಂದು ಉಸಿರಿನಷ್ಟು ಹೊತ್ತು ಮಾತ್ರ. ಎರಡನೇ ದಿನದಿಂದ ಅವನ ಮಾತುಗಳು ತುಂಡಾಗಲೇ ಇಲ್ಲ. ಮೂರು ಸೆಕೆಂಡಿಗೆ ಹೊಂದುವಂತೆ ಅಳೆದು ಆಡುತ್ತಿದ್ದ.

"ಹಳೇ ಸ್ಟೀಮ್ ಲಾಂಡ್ರಿ."

"ಕಾಲುವೆ ಪಕ್ಕದ್ದು. ಮುಚ್ಚಿದೆ."

"ಬಟ್ಟೆ ಒಣಗಿಸೋ ಕೋಣೇಲಿ ಇದ್ದೀನಿ."

"ಒಳಗೆ ಕತ್ತಲು. ನೀರಿಲ್ಲ."

"ದಯವಿಟ್ಟು ಯಾರನ್ನಾದ್ರೂ ಕಳಿಸಿ."

ಮತ್ತೆ ಮೊದಲಿನಿಂದ. ಅದೇ ಐದು ಮಾತು, ಅದೇ ಕ್ರಮ, ಗಂಟೆಗಟ್ಟಲೆ. ಕೆಳಗಿನಮ್ಮ ಅಲ್ಲಲ್ಲಿ ಹಾರಿಸುತ್ತ ಕೊನೆಯವರೆಗೆ ಹೋದರು. ಐದನೇ ದಿನದ ಕೊನೆಗೆ ಏನೋ ಬಿದ್ದ ಸದ್ದು, ಆಮೇಲೆ ನೀರಿನ ಹನಿ ಮಾತ್ರ.

ಕೆಳಗಿನಮ್ಮ ಮೇಲಕ್ಕೆ ಬಂದದ್ದು ನನಗೆ ಚೆನ್ನಾಗಿ ನೆನಪಿದೆ. ಅವರು ಮೆಟ್ಟಿಲು ಹತ್ತಿ ಬರುವುದೇ ಅಪರೂಪ. ಮುಖ ಸುಣ್ಣ ಬಳಿದಂತಿತ್ತು. ಹಳೆಯ ದಾಖಲೆ ಪುಸ್ತಕ ಕೇಳಿ ಪಡೆದು, ನಿಂತಲ್ಲೇ ಆ ಐದು ದಿನಗಳ ಪುಟ ತಿರುವಿದರು. ಸ್ಟೀಮ್ ಲಾಂಡ್ರಿಗೆ ನಮ್ಮಿಂದ ಯಾವ ಗಾಡಿಯೂ ಹೋಗಿರಲಿಲ್ಲ. ನೇರವಾಗಿ ಮೇಡಂ ಕೋಣೆಗೆ ಹೋದರು. ಬಾಗಿಲು ಅರೆ ತೆರೆದಿತ್ತು.

"ಮೂರು ವರ್ಷದ ಹಿಂದಿನದು," ಮೇಡಂ ಹೇಳುತ್ತಿದ್ದರು. "ಈಗ ಹೋಗಿ ಏನು ಮಾಡ್ತೀರಿ? ತಪಾಸಣೆ ಮುಗೀಲಿ, ಆಮೇಲೆ ನೋಡೋಣ."

"ಆ ನಂಬರಿನಿಂದ ಇವತ್ತೂ ಕರೆ ಬರ್ತಿದೆ ಮೇಡಂ."

"ತಂತಿ ಕೆಟ್ಟಿದೆ, ಬರುತ್ತೆ."

"ತಂತಿಗೆ ತೂಕ ಹೆಚ್ಚಾಗಲ್ಲ," ಎಂದರು ಕೆಳಗಿನಮ್ಮ. ಮೇಡಂಗೆ ಅದು ಅರ್ಥವಾಗಲಿಲ್ಲ. ನನಗೂ ಆಗ ಆಗಲಿಲ್ಲ.

ಮರುದಿನ ಅರ್ಧ ದಿನ ರಜೆ ಹಾಕಿ ಹೊರಟರು. ಒಬ್ಬರೇ ಹೋಗಲು ಧೈರ್ಯವಿರಲಿಲ್ಲ, ಅಕ್ಕನನ್ನು ಕರೆದುಕೊಂಡರು. ದಾರಿಯುದ್ದಕ್ಕೂ ಅಕ್ಕ ಮಾತಾಡುತ್ತಲೇ ಇದ್ದಳಂತೆ. "ಸತ್ತಿದ್ರೆ ಇಷ್ಟು ಹೊತ್ತಿಗೆ ಯಾರಾದ್ರೂ ನೋಡಿರ್ತಾರೆ ಬಿಡು. ಬದುಕಿದ್ರೆ ಎದುರಿಗೇ ಬರ್ತಾನೆ. ಎರಡರಲ್ಲಿ ಯಾವುದೂ ನಿನ್ನನ್ನ ಕಚ್ಚಲ್ಲ." ಕಾಲುವೆಯ ದಂಡೆಗೆ ತಿರುಗಿ ಲಾಂಡ್ರಿಯ ಉದ್ದ ಕಿಟಕಿಗಳು ಕಂಡಾಗ ಅಕ್ಕ ತಂಗಿಯ ಕೈ ಹಿಡಿದುಕೊಂಡಳು.

ಮಧ್ಯಾಹ್ನ ಮೂರು ಗಂಟೆ. ಬಾಗಿಲು ತೆರೆದೇ ಇತ್ತು. ಒಳಗೆ ಸಾಲಾಗಿ ದೊಡ್ಡ ದೊಡ್ಡ ತೊಳೆಯುವ ಡ್ರಮ್ಮುಗಳು, ಬಾಯಿ ತೆರೆದುಕೊಂಡು. ಸೂರಿನ ಕೊಳವೆಗಳಿಂದ ಉಪ್ಪುಗಟ್ಟಿದ ಬಿಳಿ ಇಳಿಬಿದ್ದಿತ್ತು. ಕೊನೆಯಲ್ಲಿ ಒಂದು ಮೇಜು, ಅದರ ಮೇಲೆ ಒಬ್ಬರು ಅಂಗಿಗೆ ಇಸ್ತ್ರಿ ಹಾಕುತ್ತಿದ್ದರು. ಅರವತ್ತು ದಾಟಿದ ಮನುಷ್ಯ. ಅವರು ತೊಟ್ಟಿದ್ದ ಅಂಗಿಯ ತೋಳಿನ ಮಡಿಕೆ ಚಾಕುವಿನಂತೆ ಚೂಪಾಗಿತ್ತು ಎಂದು ಅಕ್ಕ ಇಂದಿಗೂ ಹೇಳುತ್ತಾಳೆ.

"ಯಜಮಾನ್ರೆ," ಎಂದಳು ಅಕ್ಕ. "ಈ ಲಾಂಡ್ರಿ ನಿಮ್ಮದಾ?"

ಅವರು ತಲೆ ಎತ್ತಿ ನೋಡಿದರು. ಮುಖದಲ್ಲಿ ನಗು ಮೂಡಿತು. ಉತ್ತರ ಬರಲಿಲ್ಲ. ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ಪಕ್ಕಕ್ಕಿಟ್ಟು, ಕೈ ಕಟ್ಟಿಕೊಂಡು, ಕಾಯುವವರಂತೆ ನಿಂತರು. ಕಿವುಡರೇನೋ ಎಂದು ಅಕ್ಕ ಮತ್ತೆ ಬಾಯಿ ತೆರೆಯುವಷ್ಟರಲ್ಲಿ ಪಕ್ಕದ ಕಬ್ಬಿಣದ ಬಾಗಿಲಿನ ಕೋಣೆಯೊಳಗೆ ಟಿಣ್ ಎಂದು ಒಂದು ಸಣ್ಣ ಸದ್ದಾಯಿತು. ಹಳೆಯ ಫೋನಿನ ಗಂಟೆಗೆ ಉಗುರು ತಾಕಿದ ಹಾಗೆ.

"ನನ್ನದಲ್ಲ. ಕಾವಲು ಕಾಯ್ತೀನಿ," ಎಂದರು ಅವರು ಬೇಗಬೇಗನೆ. ತುಟಿ ಮುಚ್ಚಿಕೊಂಡರು.

ಮತ್ತೆ ಕಾದರು. ಟಿಣ್.

"ಮೊದಲು ಇಲ್ಲೇ ಇಸ್ತ್ರಿ ಹಾಕ್ತಿದ್ದೆ."

ಕೆಳಗಿನಮ್ಮನಿಗೆ ಗುರುತು ಹತ್ತಿತು. ಟೇಪಿನಲ್ಲಿ ಕೇಳಿದ ದನಿಯೇ ಅದು, ಅದೇ ಅಳತೆ. ಆ ಮನುಷ್ಯ ಬದುಕಿದ್ದರು, ಆದರೆ ಅವರ ಮಾತು ಇನ್ನೂ ಆ ಕೋಣೆಯಿಂದ ಹೊರಗೆ ಬಂದಿರಲಿಲ್ಲ. ಎದುರಿಗೆ ನಿಂತವರೊಡನೆಯೂ ಅವರು, ಫೋನು ತಾನಾಗಿ ಸೇರಿದಾಗಲೆಲ್ಲ ಆಗುವ ಆ ಗಂಟೆಯ ಸದ್ದಿನವರೆಗೆ ಕಾದು, ಮೂರು ಸೆಕೆಂಡು ಮಾತಾಡಿ, ನಿಲ್ಲಿಸುತ್ತಿದ್ದರು. ತಾವು ಹಾಗೆ ಮಾಡುತ್ತಿದ್ದೇವೆಂಬ ಅರಿವು ಅವರಿಗಿದ್ದಂತೆ ಕಾಣಲಿಲ್ಲ.

ನಿಧಾನಕ್ಕೆ, ಇಪ್ಪತ್ತು ಸೆಕೆಂಡಿಗೊಂದು ಮಾತಿನಂತೆ, ಕತೆಯೆಲ್ಲ ಹೊರಬಂತು. ಅವತ್ತು ಒಣಕೋಣೆಯ ಸರಳುಗಳನ್ನು ನೋಡಲೆಂದು ಒಳಗೆ ಹೋಗಿದ್ದರು. ಕಾಲುವೆಯ ಕಡೆಯ ಗಾಳಿಗೆ ಬಾಗಿಲು ಬಡಿದು ಹೊರಗಿನ ಚಿಲಕ ಬಿತ್ತು. ಒಳಗಿನ ಗೋಡೆಯ ಮೇಲೆ ಫೋನಿತ್ತು, ಆದರೆ ಅದರಿಂದ ಬೇರೆ ಯಾರಿಗೂ ಕರೆ ಹೋಗುತ್ತಿರಲಿಲ್ಲ. ತಾನಾಗಿ ಎಲ್ಲಿಗೋ ಸೇರುತ್ತಿತ್ತು. ಆರನೇ ದಿನ ಕರೆಂಟಿನ ಮೀಟರ್ ನೋಡುವವನು ಬಂದ, ಗುದ್ದುವ ಸದ್ದು ಕೇಳಿ ಚಿಲಕ ತೆಗೆದ.

"ನೀವೇ ಕಳಿಸಿದ್ರಿ ಅಲ್ವಾ ಅವನನ್ನ?" ಎಂದರು ಅವರು. ತಾವು ಎಲ್ಲಿಂದ ಬಂದವರು ಎಂದು ಅಷ್ಟು ಹೊತ್ತಿಗೆ ಕೆಳಗಿನಮ್ಮ ಹೇಳಿಯಾಗಿತ್ತು.

ಸುಮ್ಮನೆ ಹೂಂ ಎಂದುಬಿಡು ಎಂಬಂತೆ ಅಕ್ಕ ತಂಗಿಯ ಮೊಣಕೈ ಹಿಂಡಿದಳಂತೆ. ಕೆಳಗಿನಮ್ಮ ಹೂಂ ಅನ್ನಲಿಲ್ಲ.

"ಇಲ್ಲ. ನಾವು ಯಾರೂ ಕೇಳಲೇ ಇಲ್ಲ. ನಿಮ್ಮ ಕರೆ ಎತ್ತುತ್ತಿದ್ದದ್ದು ಒಂದು ಯಂತ್ರ. ಮೂರು ಸೆಕೆಂಡಿಗೆ ಕತ್ತರಿಸು ಅಂತ ಅದಕ್ಕೆ ಹೇಳಿಕೊಟ್ಟವಳು ನಾನೇ. ನೀವು ಮಾತಾಡಿದ್ದು ನನಗೆ ಗೊತ್ತಾಗಿದ್ದೇ ನಿನ್ನೆ."

ಟಿಣ್. ಇನ್ನೊಮ್ಮೆ ಟಿಣ್. ಇಸ್ತ್ರಿಯವರು ಕೆಳಗಿನಮ್ಮನ ಮುಖವನ್ನೇ ನೋಡುತ್ತಿದ್ದರು, ಏನೂ ತಿಳಿಯದ ಮಗುವನ್ನು ನೋಡುವಂತೆ, ಕನಿಕರದಿಂದ. ಮೂರನೇ ಸಲ ಸದ್ದಾದಾಗ ಹೇಳಿದರು:

"ಇಲ್ಲಮ್ಮ. ಅಲ್ಲಿ ಒಬ್ಬರಿದ್ರು."

"ಯಾರೂ ಇರಲಿಲ್ಲ."

"ಇದ್ರು. ನನ್ನ ಜೊತೆ ಮಾತಾಡಿದ್ರು."

ಅಕ್ಕ ತಂಗಿಯ ಹತ್ತಿರಕ್ಕೆ ಸರಿದಳು. "ಏನಂದ್ರು?" ಎಂದು ಕೇಳಿದ್ದು ಅವಳೇ. ಈ ಸಲದ ಇಪ್ಪತ್ತು ಸೆಕೆಂಡು ಬಹಳ ಉದ್ದವಾಗಿತ್ತು ಎನ್ನುತ್ತಾಳೆ.

"ಮೂರನೇ ದಿನ. 'ಮೇಲೆ ನೋಡು' ಅಂದ್ರು. ಹೆಂಗಸಿನ ದನಿ."

ಅವರು ಮೇಜು ಬಿಟ್ಟು ಹೋಗಿ ಕಬ್ಬಿಣದ ಬಾಗಿಲನ್ನು ಪೂರ್ತಿ ತೆರೆದು ತೋರಿಸಿದರು. ಬಾಗಿಲು ಮತ್ತೆ ಮುಚ್ಚದಂತೆ ಅದರ ಬುಡಕ್ಕೆ ಎರಡು ಕಲ್ಲುಗಳನ್ನು ಇಟ್ಟಿದ್ದರು. ಒಳಗೆ ಕಿಟಕಿ ಇರಲಿಲ್ಲ. ಸೂರಿನ ಮೂಲೆಯಲ್ಲಿ ಒಂದು ಕೊಳವೆಯ ಕೀಲಿನಿಂದ ನೀರು ಜಿನುಗಿ, ಅಲ್ಲಿ ಹಾದುಹೋಗುವ ಫೋನಿನ ತಂತಿಯ ಮೇಲೆ ತೊಟ್ಟಿಕ್ಕಿ, ಗೋಡೆಯ ಬಿರುಕಿಗೆ ಇಂಗುತ್ತಿತ್ತು. ಅಷ್ಟು ಎತ್ತರದಲ್ಲಿ, ಕತ್ತಲಲ್ಲಿ, ಹುಡುಕದೆ ಸಿಗುವ ನೀರಲ್ಲ ಅದು. ಅದನ್ನು ನೆಕ್ಕಿ ಅವರು ಉಳಿದುಕೊಂಡಿದ್ದರು.

"ಈಗಲೂ ಮಾತಾಡ್ತೀರಾ ಆ ಫೋನಲ್ಲಿ?" ಕೆಳಗಿನಮ್ಮ ಕೇಳಿದರು. ಆಮೇಲಿನ ಗಂಟುಗಳಿಗೆ ಚೂರು ತೂಕ ಯಾಕೆ ಹೆಚ್ಚು ಎಂಬುದು ಅವರಿಗೆ ಆಗಲೇ ಹೊಳೆದಿತ್ತು.

"ದಿನಾ. ಮಧ್ಯಾಹ್ನ. ಊಟ ಆದ್ಮೇಲೆ."

ಟಿಣ್.

"ಋಣ ಇದೆಯಲ್ಲ. ಸುಮ್ಮನಿದ್ರೆ ಬೇಜಾರಾಗ್ತಾರೆ."

ವಾಪಸ್ ಬರುವಾಗ ಅಕ್ಕ ತುಟಿ ಪಿಟಕ್ಕೆನ್ನಲಿಲ್ಲ. ಮನೆ ಮುಟ್ಟಿ ಎಲ್ಲ ದೀಪ ಹಾಕಿದ ಮೇಲೆ, "ಆ ಮನುಷ್ಯ ಸುಳ್ಳು ಹೇಳ್ತಿಲ್ಲ ಕಣೇ" ಎಂದಳು. ಅಷ್ಟೆ.

ಕೆಳಗಿನಮ್ಮ ಮರುದಿನ ಬೆಳಿಗ್ಗೆ ಮೊದಲು ಮಾಡಿದ ಕೆಲಸ ಮೂರನೇ ದಿನದ ಗಂಟು ಬಿಚ್ಚಿದ್ದು. ಒಬ್ಬರೇ ಕೇಳಲು ಮನಸ್ಸಾಗದೆ ನನ್ನನ್ನು ಕೆಳಗೆ ಕರೆದರು. ಒಂದೊಂದು ಕಿವಿಗೆ ಒಂದೊಂದು ಹಿಡಿದುಕೊಂಡು ಒಂದೇ ಹೆಡ್‌ಫೋನಿನಲ್ಲಿ ಇಬ್ಬರೂ ಕೇಳಿದೆವು. ಅದೇ ಐದು ಮಾತು ಮತ್ತೆ ಮತ್ತೆ, ದನಿ ಒಣಗಿ ಸೌದೆಯಾಗಿತ್ತು. ಆಮೇಲೆ ಅದೂ ನಿಂತು ಬರೀ ಉಸಿರು. ಹಾಗೇ ಬಹಳ ಹೊತ್ತು. ನಾನು ಎದ್ದು ಬಿಡೋಣ ಎಂದುಕೊಳ್ಳುವಷ್ಟರಲ್ಲಿ:

"ಏನಂದ್ರಿ?"

ಮುಂದಿನ ತುಣುಕು. "ಮೇಲಾ? ಎಲ್ಲಿ ಮೇಲೆ?"

ಮುಂದಿನದರಲ್ಲಿ ಸರಳು ಹತ್ತುವ ಸದ್ದು. ಅದರ ಮುಂದಿನದರಲ್ಲಿ ಏದುಸಿರು. ಆಮೇಲೆ, ಅಳುತ್ತಲೋ ನಗುತ್ತಲೋ, "ಸಿಕ್ತು. ಸಿಕ್ತು ತಾಯಿ."

ನಮ್ಮ ಯಂತ್ರ ಎರಡೂ ಕಡೆಯ ದನಿಯನ್ನು ಬೇರೆ ಬೇರೆಯಾಗಿ ಹಿಡಿದಿಡುತ್ತದೆ, ಕರೆ ಮಾಡಿದವರದ್ದು ಒಂದು, ನಮ್ಮದು ಒಂದು. ಕೆಳಗಿನಮ್ಮ ನಮ್ಮ ಕಡೆಯದನ್ನು ಮಾತ್ರ ತೆರೆದು, ಧ್ವನಿಯನ್ನು ಕೊನೆಯವರೆಗೆ ಏರಿಸಿದರು. "ಏನಂದ್ರಿ" ಎನ್ನುವುದಕ್ಕೆ ಹಿಂದಿನ ತುಣುಕು, ಅದರ ಹಿಂದಿನದು, ಹೀಗೆ ನಲವತ್ತು ತುಣುಕು. ಹತ್ತು ಸಲ ಕೇಳಿದೆವು. ಏನೂ ಇರಲಿಲ್ಲ. ಏನೂ ಇಲ್ಲ ಎಂದರೆ ಏನೂ ಇಲ್ಲ. ಮೇಲೆ ಕಿಟಕಿಯಲ್ಲಿ ಯಾರದೋ ಕಾಲುಗಳು ಬಂದು, ನಿಂತು, ಮುಂದೆ ಹೋದವು.

ಅವತ್ತು ಶನಿವಾರ. ಗಂಟುಗಳು ಟೇಪಿಗೆ ಹರಿದ ಮೊದಲ ದಿನ. ಡ್ರೈವು ಎಲ್ಲಿಯೂ ತಡವರಿಸದೆ ಒಂದೇ ಉಸಿರಿನಲ್ಲಿ ಓಡಿ ಎರಡು ಗಂಟೆ ಹತ್ತು ನಿಮಿಷಕ್ಕೆ ಮುಗಿಸಿತು. ಮೇಡಂ ಕೆಳಗೆ ಬಂದು ಬೆನ್ನು ತಟ್ಟಿದರು. ತಿಂಗಳ ಕೊನೆಗೆ ಬಂದ ತಪಾಸಣೆಯವರೂ ಮೆಚ್ಚಿಕೊಂಡು ಬರೆದರು. ಕೆಳಗಿನಮ್ಮ ಆ ಶನಿವಾರ ಕಳೆದ ಸೋಮವಾರವೇ ಯಾರನ್ನೂ ಕೇಳದೆ ತಾವು ಬರೆದ ನಿಯಮವನ್ನು ಅಳಿಸಿಹಾಕಿದರು. ಕಾರಣ ಕೇಳಿ ಮೇಡಂ ಪತ್ರ ಕೊಟ್ಟಾಗ, "ಆ ಸಾಲಿನಲ್ಲಿ ಮನುಷ್ಯರಿದ್ದಾರೆ" ಎಂದು ಒಂದೇ ವಾಕ್ಯದ ಉತ್ತರ ಬರೆದುಕೊಟ್ಟರು. ಮೇಡಂ ಅದನ್ನು ಎರಡು ದಿನ ಇಟ್ಟುಕೊಂಡು ಕೂತು, ಕೊನೆಗೆ ತಾವೇ ಫೋನು ಇಲಾಖೆಗೆ ಹೋಗಿ ಗಲಾಟೆ ಮಾಡಿ ತಂತಿ ಬದಲಾಯಿಸುವ ಆದೇಶ ತಂದರು.

ಆದೇಶ ಬಂದು ತಂತಿ ಬದಲಾಗುವವರೆಗೆ ಹನ್ನೊಂದು ದಿನ ಆ ಕರೆಗಳೆಲ್ಲ ಮತ್ತೆ ನಮ್ಮ ಮೇಜಿಗೇ ಬಂದವು. ನಾವು ಎತ್ತಿದೆವು, ಕಾದೆವು, ಇಟ್ಟೆವು. ಯಾರೂ ಗೊಣಗಲಿಲ್ಲ. ಮೊದಲ ದಿನ ಮಧ್ಯಾಹ್ನ ಎರಡಕ್ಕೆ ನಾನು ಎತ್ತಿದ ಕರೆಯಲ್ಲಿ ಅವರ ದನಿ ಇತ್ತು.

"ಇವತ್ತು ಸೆಕೆ ಜಾಸ್ತಿ. ಹೇಗಿದ್ದೀರಿ?"

"ಹೇಳಿ ಯಜಮಾನ್ರೆ, ನಾನು ಇದ್ದೀನಿ. ಎಷ್ಟು ಹೊತ್ತು ಬೇಕಾದ್ರೂ ಮಾತಾಡಿ" ಎಂದೆ.

ಆ ಕಡೆ ಜುಯ್ ಎನ್ನುವ ಸದ್ದು. ನೀರಿನ ಹನಿ. ನಾನು ಹೆಡ್‌ಫೋನನ್ನು ಕಿವಿಗೆ ಒತ್ತಿಕೊಂಡೆ.

"ನೀವಲ್ಲ," ಎಂದರು ಅವರು ಮೆಲ್ಲಗೆ. ಫೋನು ಇಟ್ಟರು.

ನಮ್ಮಲ್ಲಿ ಏಳು ಮಂದಿಗೆ ಹಾಗೆಯೇ ಆಯಿತು, ಅವರಲ್ಲಿ ಐವರು ಹೆಂಗಸರು. ಎಂಟನೇ ದಿನ ಕೆಳಗಿನಮ್ಮನೇ ಮೇಲೆ ಬಂದು ನನ್ನ ಕುರ್ಚಿಯಲ್ಲಿ ಕೂತು ಕರೆ ಎತ್ತಿದರು. ಅವರಿಗೂ ಬಂದದ್ದು ಅದೇ ಮಾತು. ಅವರು ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟು, "ಗೊತ್ತಿತ್ತು" ಎಂದು ಎದ್ದು ಹೋದರು. ಹೊಸ ತಂತಿ ಬಂದ ಮೇಲೆ ಆ ನಂಬರಿನಿಂದ ನಮಗೆ ಒಂದೇ ಒಂದು ಕರೆಯೂ ಬರಲಿಲ್ಲ.

ಇಸ್ತ್ರಿಯವರು ಅಲ್ಲೇ ಇದ್ದಾರೆ. ಅಕ್ಕ ಹೊಲಿದ ಸಮವಸ್ತ್ರಗಳಿಗೆಲ್ಲ ಈಗ ಇಸ್ತ್ರಿ ಅಲ್ಲೇ. ವಾರಕ್ಕೊಮ್ಮೆ ಹೋಗಿ ಅವರೆದುರು ಕೂತು, ಗಂಟೆ ಗಿಂಟೆ ನೋಡದೆ, ಅವರಿಗೆ ಕಾಯಲು ಪುರಸೊತ್ತೇ ಕೊಡದಂತೆ ಅಕ್ಕ ಮಾತಾಡುತ್ತಾಳೆ. ಮಧ್ಯೆ ಬಾಯಿ ಹಾಕದಿದ್ದರೆ ಅವರ ಸರದಿ ಬರುವುದೇ ಇಲ್ಲ. ಹೀಗಾಗಿ ಅವರ ಮಾತು ಸುಮಾರಾಗಿ ಸರಿಹೋಗಿದೆ. ಒಬ್ಬರೇ ಇದ್ದಾಗ ಹೇಗೋ, ಗೊತ್ತಿಲ್ಲ.

ಎರಡು ವರ್ಷದ ನಂತರ ಕೆಳಗಿನಮ್ಮ ನಿವೃತ್ತರಾದರು. ಆ ಕೆಲಸಕ್ಕೆ ನಾನೇ ಕೇಳಿಕೊಂಡು ಕೆಳಗೆ ಬಂದೆ. ಕೊನೆಯ ದಿನ ಬೀರುವಿನ ಬೀಗದ ಕೈ ಕೊಡುವಾಗ ಒಂದೊಂದೇ ಸಾಲು ತೋರಿಸುತ್ತ ಬಂದರು. ತಳದ ಸಾಲಿನಲ್ಲಿ ಒಂದು ಟೇಪು ಬೇರೆಯಾಗಿತ್ತು. ಆ ಐದು ದಿನದ್ದು. ಅದರ ಬೆನ್ನಿಗೆ ಅಂಟಿಸಿದ ಚೀಟಿಯಲ್ಲಿ ದಿನಾಂಕಗಳ ಕೆಳಗೆ ಟೈಪಿಸ್ಟರ ಅಚ್ಚುಕಟ್ಟು ಅಕ್ಷರದಲ್ಲಿ "ಪೂರ್ತಿ ಕೇಳಿದ್ದೇನೆ" ಎಂದು ಬರೆದು ಸಹಿ ಹಾಕಿದ್ದರು.

"ಪೂರ್ತಿಯಾ?" ಎಂದೆ. ಐದು ದಿನ ಎಂದರೆ ಹದಿನಾರು ಗಂಟೆಗೂ ಮೇಲೆ.

"ಪೂರ್ತಿ. ಎರಡೂ ಕಡೆಯದ್ದು."

ನಮ್ಮ ಕಡೆಯದರಲ್ಲಿ ಏನಾದರೂ ಸಿಕ್ಕಿತೇ ಎಂದು ನಾನು ಕೇಳಬಹುದಿತ್ತು, ಕೇಳಲಿಲ್ಲ. ಅವರೂ ನಾನು ಕೇಳಲೆಂದು ಕಾಯುವವರಂತೆ ಬೀರುವಿನ ಬಾಗಿಲು ಹಿಡಿದುಕೊಂಡಿದ್ದರು. ಆಮೇಲೆ ಕೈಚೀಲ ತೆಗೆದುಕೊಂಡು ಮೆಟ್ಟಿಲು ಹತ್ತಿದರು. ಕಿಟಕಿಯಲ್ಲಿ ಅವರ ಕಾಲುಗಳು ಕಂಡವು. ಎಡಕ್ಕೆ ತಿರುಗಿ ಮನೆಯ ದಾರಿ ಹಿಡಿದವು.